ಕ್ಷೇಮಕ್ಕೆ ಹಾಕಿದ ಹಣ ಎಲ್ಲಿಂದ ಹಿಂದಿರುಗುತ್ತದೆ?



ದುಡಿಯುವವರ ಬದುಕು ಮತ್ತು ಉದ್ಯಮದ ಲೆಕ್ಕ ಎರಡನ್ನೂ ಒಟ್ಟಿಗೆ ನೋಡುವ ವಿಷಯವೊಂದನ್ನು ಪ್ರತಿ ವರ್ಷ ಎತ್ತಿಕೊಳ್ಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ಹೊಂದುವಂತೆ, ಮಾಲೀಕರು ಸಾಮಾನ್ಯವಾಗಿ ಬಾಗಿಲು ಮುಚ್ಚಿಕೊಂಡು ಕೇಳುವ ಒಂದು ಪ್ರಶ್ನೆಯನ್ನು ಇಂದು ಸಭೆಯಲ್ಲೇ ಕೇಳುತ್ತಿದ್ದೇನೆ. ನೌಕರರ ಆರೋಗ್ಯ, ನೆಮ್ಮದಿಗಳಿಗಾಗಿ ಸಂಸ್ಥೆ ಖರ್ಚು ಮಾಡಿದ ಹಣ ಹಿಂದಿರುಗುತ್ತದೆಯೇ? ಹಿಂದಿರುಗುವುದಾದರೆ ಎಲ್ಲಿಂದ, ಎಷ್ಟು, ಯಾರ ಕೈಗೆ?

ಇಂಥ ಪ್ರಶ್ನೆ ಕೇಳುವುದೇ ಅಮಾನವೀಯ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಲೆಕ್ಕ ಸಿಗದ ಖರ್ಚನ್ನು ಮೊದಲ ಕಷ್ಟಕಾಲದಲ್ಲೇ ಕತ್ತರಿಸುತ್ತಾರೆ. ಲೆಕ್ಕ ಸರಿಯಾಗಿ ಕೂಡಿಬಂದ ಖರ್ಚು ಉಳಿದುಕೊಳ್ಳುತ್ತದೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಹಿಂದಿರುಗುತ್ತದೆ, ಆದರೆ ನಾವು ಹುಡುಕುವ ಜಾಗದಲ್ಲಿ ಅಲ್ಲ. ನೌಕರನ ಅಭ್ಯಾಸಗಳನ್ನು ತಿದ್ದಲು ಹಾಕಿದ ಹಣ ಬಹುಪಾಲು ಕರಗಿಹೋಗುತ್ತದೆ. ಅವನು ಕೂರುವ, ನೋಡುವ, ಉಸಿರಾಡುವ, ದಣಿವಾರಿಸಿಕೊಳ್ಳುವ ಜಾಗವನ್ನು ತಿದ್ದಲು ಹಾಕಿದ ಹಣ ಬೇಗ ಹಿಂದಿರುಗುತ್ತದೆ.

1. ಮೂರೂಕಾಲು ಡಾಲರಿನ ಭರವಸೆ

ಈ ಚರ್ಚೆ ಜೋರಾಗಿ ಶುರುವಾದದ್ದು ಅಮೆರಿಕದಲ್ಲಿ. ಅಲ್ಲಿ ನೌಕರರ ವೈದ್ಯಕೀಯ ವಿಮೆಯ ದೊಡ್ಡ ಭಾರ ಕಂಪನಿಗಳ ಮೇಲಿದೆ. ನೌಕರ ಆಸ್ಪತ್ರೆ ಸೇರಿದರೆ ಆ ಬಿಲ್ಲು ಒಂದಲ್ಲ ಒಂದು ದಾರಿಯಲ್ಲಿ ಕಂಪನಿಯ ಖಾತೆಗೇ ಬಂದು ಕೂರುತ್ತದೆ. ಹಾಗಾಗಿ ತೂಕ ಇಳಿಸುವ ಸ್ಪರ್ಧೆ, ಧೂಮಪಾನ ಬಿಡಿಸುವ ತರಗತಿ, ರಕ್ತಪರೀಕ್ಷೆ, ಜಿಮ್ ಶುಲ್ಕಕ್ಕೆ ರಿಯಾಯಿತಿ ಇವೆಲ್ಲ ಸೇರಿ ಅಲ್ಲೊಂದು ದೊಡ್ಡ ಉದ್ಯಮವೇ ಬೆಳೆಯಿತು.

2010ರಲ್ಲಿ ಕ್ಯಾಥರೀನ್ ಬೇಕರ್, ಡೇವಿಡ್ ಕಟ್ಲರ್ ಮತ್ತು ಜಿರುಯಿ ಸಾಂಗ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಲೇಖನ ಪ್ರಕಟಿಸಿದರು. ಇಂಥ ಕಾರ್ಯಕ್ರಮಗಳಿಗೆ ಹಾಕಿದ ಪ್ರತಿ ಡಾಲರಿಗೆ ವೈದ್ಯಕೀಯ ವೆಚ್ಚದಲ್ಲಿ 3.27 ಡಾಲರ್, ಗೈರುಹಾಜರಿಯ ನಷ್ಟದಲ್ಲಿ 2.73 ಡಾಲರ್ ಉಳಿಯುತ್ತದೆ ಎಂದು ಅವರ ಲೆಕ್ಕ ಹೇಳಿತು. ಈ ಅಂಕಿ ಕಾಡ್ಗಿಚ್ಚಿನ ವೇಗದಲ್ಲಿ ಹಬ್ಬಿ, ಕ್ಷೇಮ ಕಾರ್ಯಕ್ರಮ ಮಾರುವ ಏಜೆನ್ಸಿಗಳ ಕೈಗೆ ಒಳ್ಳೆಯ ಜಾಹೀರಾತಾಯಿತು.

ಆ ಹಳೆಯ ಅಧ್ಯಯನಗಳಲ್ಲಿ ಹಲವು, ಕಾರ್ಯಕ್ರಮಕ್ಕೆ ಸೇರಿದವರನ್ನು ಸೇರದವರ ಜೊತೆ ಹೋಲಿಸಿದ್ದವು. ಸೇರಿದವರು ಯಾರು? ಮೊದಲಿನಿಂದಲೇ ಆರೋಗ್ಯದ ಬಗ್ಗೆ ಕಾಳಜಿ ಇದ್ದವರು. ಬೆಳಗಿನ ಜಾವ ಲಾಲ್‌ಬಾಗಿನಲ್ಲಿ ಬಿರಬಿರನೆ ನಡೆಯುವವರನ್ನು ನೋಡಿ, ಇವರಿಗೆ ಆರೋಗ್ಯ ಕೊಟ್ಟದ್ದು ಲಾಲ್‌ಬಾಗೇ ಎಂದಂತಾಯಿತು.

ಈ ಗೊಂದಲ ಬಿಡಿಸಲು ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡುವುದೇ ಸರಿಯಾದ ದಾರಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೇಮನ್ ಜೋನ್ಸ್, ಡೇವಿಡ್ ಮೋಲಿಟರ್ ಮತ್ತು ಜೂಲಿಯನ್ ರೀಫ್ ಅದನ್ನೇ ಮಾಡಿದರು. 4,834 ನೌಕರರಲ್ಲಿ ಕೆಲವರಿಗೆ ಕಾರ್ಯಕ್ರಮದ ಆಹ್ವಾನ ಹೋಯಿತು, ಉಳಿದವರಿಗೆ ಹೋಗಲಿಲ್ಲ. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ವೈದ್ಯಕೀಯ ವೆಚ್ಚ, ಆರೋಗ್ಯದ ಅಭ್ಯಾಸಗಳು, ಉತ್ಪಾದಕತೆ ಇವುಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯ ತಪಾಸಣೆಗೆ ಹೋದವರ ಪ್ರಮಾಣ ಹೆಚ್ಚಿತು, ಮತ್ತು ಸಂಸ್ಥೆಗೆ ನಮ್ಮ ಆರೋಗ್ಯದ ಬಗ್ಗೆ ಕಾಳಜಿಯಿದೆ ಎಂಬ ಭಾವನೆ ಬಲವಾಯಿತು. ಅದೇ ಮಾಹಿತಿಯನ್ನು ಹಳೆಯ ಪದ್ಧತಿಯಲ್ಲಿ ಹೋಲಿಸಿದಾಗ ಮಾತ್ರ ಹಳೆಯ ಲಾಭವೆಲ್ಲ ಮತ್ತೆ ಪ್ರತ್ಯಕ್ಷವಾಯಿತು!

ಅದೇ 2019ರಲ್ಲಿ ಸಾಂಗ್ ಮತ್ತು ಬೇಕರ್ ತಾವೇ ಒಂದು ಪ್ರಯೋಗದ ವರದಿ ಕೊಟ್ಟರು. ಬಿಜೆಸ್ ಎಂಬ ಸಗಟು ಮಳಿಗೆಗಳ ಕಂಪನಿಯ 160 ಕೇಂದ್ರಗಳ ಸುಮಾರು 33 ಸಾವಿರ ನೌಕರರು ಅದರಲ್ಲಿದ್ದರು. ಹದಿನೆಂಟು ತಿಂಗಳ ನಂತರ, ವ್ಯಾಯಾಮ ಮಾಡುತ್ತಿದ್ದೇವೆ, ತೂಕದ ಕಡೆ ಗಮನ ಕೊಡುತ್ತಿದ್ದೇವೆ ಎಂದು ಹೇಳುವವರು ಹೆಚ್ಚಿದ್ದರು. ಆದರೆ ರಕ್ತದೊತ್ತಡ, ಕೊಲೆಸ್ಟರಾಲ್, ಚಿಕಿತ್ಸೆಯ ಖರ್ಚು, ಗೈರುಹಾಜರಿ ಯಾವುದೂ ಗಮನಾರ್ಹವಾಗಿ ಬದಲಾಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ತಮ್ಮ ಹೆಸರಿನಲ್ಲಿ ಪ್ರಸಿದ್ಧವಾಗಿದ್ದ ಅಂಕಿಯನ್ನು ಇನ್ನೂ ಕಠಿಣವಾದ ಪರೀಕ್ಷೆಗೆ ಒಡ್ಡಿದ ಆ ಇಬ್ಬರ ಪ್ರಾಮಾಣಿಕತೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಹಾಗಾದರೆ ಎಲ್ಲವೂ ವ್ಯರ್ಥವೇ? ಪೆಪ್ಸಿಕೋ ಕಂಪನಿಯ ಕಾರ್ಯಕ್ರಮವನ್ನು ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ ಲೆಕ್ಕ ಇಲ್ಲಿ ಉಪಯುಕ್ತ. ಅದರಲ್ಲಿ ಎರಡು ಭಾಗಗಳಿದ್ದವು. ಒಂದು, ಎಲ್ಲರಿಗೂ ಜೀವನಶೈಲಿಯ ಸಲಹೆ. ಇನ್ನೊಂದು, ಮಧುಮೇಹ, ಹೃದ್ರೋಗದಂಥ ದೀರ್ಘಕಾಲದ ಕಾಯಿಲೆ ಈಗಾಗಲೇ ಇರುವವರಿಗೆ ಔಷಧೋಪಚಾರದ ನಿಗಾ. ಎರಡನೆಯದರಲ್ಲಿ ಡಾಲರಿಗೆ 3.80 ಡಾಲರ್ ಹಿಂದಿರುಗಿತು. ಮೊದಲನೆಯದರಲ್ಲಿ ಹಾಕಿದ ಒಂದು ಡಾಲರಿಗೆ ಬಂದದ್ದು ಅರ್ಧ ಡಾಲರು. ಅಂದರೆ ಸಕ್ಕರೆ ಕಾಯಿಲೆಯ ನೌಕರರೊಬ್ಬರು ಮಾತ್ರೆ ತಪ್ಪಿಸದಂತೆ ನೋಡಿಕೊಂಡರೆ ದುಡ್ಡು ಉಳಿಯುತ್ತದೆ. ಆರೋಗ್ಯವಂತರಿಗೆ ಆರೋಗ್ಯದ ಭಾಷಣ ಮಾಡಿಸಿದರೆ ಉಳಿಯುವುದಿಲ್ಲ.

2. ನಮ್ಮಲ್ಲಿ ಲೆಕ್ಕದ ದಾರಿಯೇ ಬೇರೆ

ಅಮೆರಿಕದ ಈ ಗುಣಾಕಾರವನ್ನು ಪೀಣ್ಯಕ್ಕೋ ಬೊಮ್ಮನಹಳ್ಳಿಗೋ ಹಾಗೇ ತರುವಂತಿಲ್ಲ. ಕಾರಣ ಸರಳ. ನಮ್ಮ ಕಾರ್ಖಾನೆಗಳ ಬಹುಪಾಲು ಕಾರ್ಮಿಕರು ಇ.ಎಸ್.ಐ. ಎಂಬ ಕಾರ್ಮಿಕರ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿದ್ದಾರೆ. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ ಅದು ಅನ್ವಯವಾಗುತ್ತದೆ ಎಂಬ ಮಿತಿ 2017ರಿಂದ ಜಾರಿಯಲ್ಲಿದೆ. 2019ರ ಜುಲೈನಿಂದ ಮಾಲೀಕರ ವಂತಿಗೆ ವೇತನದ ಶೇ. 3.25, ಕಾರ್ಮಿಕರದು ಶೇ. 0.75. ಅದಕ್ಕೂ ಮೊದಲು ಇದು ಕ್ರಮವಾಗಿ ಶೇ. 4.75 ಮತ್ತು 1.75 ಇತ್ತು.

ಈ ದರದಲ್ಲೊಂದು ಗುಟ್ಟಿದೆ. ನಿಮ್ಮ ಕಾರ್ಖಾನೆಯ ಕಾರ್ಮಿಕರು ಗಟ್ಟಿಮುಟ್ಟಾಗಿದ್ದರೂ, ತಿಂಗಳಿಗೊಮ್ಮೆ ಹಾಸಿಗೆ ಹಿಡಿದರೂ ನೀವು ಕಟ್ಟುವ ವಂತಿಗೆ ಅಷ್ಟೇ. ಆದ್ದರಿಂದ ಆಸ್ಪತ್ರೆಯ ಖರ್ಚು ಉಳಿಯುತ್ತದೆ ಎಂಬ ಅಮೆರಿಕದ ವಾದಕ್ಕೆ ಇಲ್ಲಿನ ಕಾರ್ಖಾನೆಯಲ್ಲಿ ಅರ್ಥವೇ ಇಲ್ಲ. ಗುಂಪು ವಿಮೆ ಮಾಡಿಸುವ ಐ.ಟಿ. ಕಚೇರಿಗಳಲ್ಲಿ, ಕ್ಲೇಮು ಹೆಚ್ಚಾದರೆ ಮುಂದಿನ ವರ್ಷದ ಪ್ರೀಮಿಯಂ ಏರುವ ಕಡೆ, ಅದಕ್ಕೆ ಒಂದಿಷ್ಟು ಬೆಲೆ ಇದೆ. ಉಳಿದ ಕಡೆ ಅನಾರೋಗ್ಯದ ನಷ್ಟ ವೈದ್ಯಕೀಯ ಖಾತೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಮತ್ತೆಲ್ಲಿ ಕಾಣುತ್ತದೆ? ಗಾರ್ಮೆಂಟ್ಸಿನ ಒಂದು ಲೈನನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬಳು ಕಾಲರ್ ಹೊಲಿಯುತ್ತಾಳೆ, ಇನ್ನೊಬ್ಬಳು ತೋಳು ಕೂಡಿಸುತ್ತಾಳೆ, ಮತ್ತೊಬ್ಬಳು ಗುಂಡಿಮನೆ ಮಾಡುತ್ತಾಳೆ. ಕಾಲರಿನವಳು ಬಾರದಿದ್ದರೆ ನಷ್ಟವಾಗುವುದು ಅವಳೊಬ್ಬಳ ದಿನಗೂಲಿಯಷ್ಟಲ್ಲ. ಅವಳ ಮುಂದೆ ಬಂಡಲ್ಲುಗಳು ರಾಶಿ ಬೀಳುತ್ತವೆ, ಅವಳ ನಂತರದವರು ಕೈಕಟ್ಟಿ ಕೂರುತ್ತಾರೆ, ಸೂಪರ್‌ವೈಸರ್ ಬೇರೊಂದು ಲೈನಿನಿಂದ ಟೈಲರನ್ನು ಎಳೆದು ತರುತ್ತಾನೆ, ಕೈ ಕೂರದ ಆಕೆಯ ಪೀಸುಗಳು ಚೆಕ್ಕಿಂಗಿನಲ್ಲಿ ವಾಪಸು ಬರುತ್ತವೆ. ಸಂಜೆ ಟಾರ್ಗೆಟ್ ಮುಗಿಯದೆ ಓಟಿ ಕೊಡಬೇಕಾಗುತ್ತದೆ. ಕಳಿಸುವ ದಿನ ತಪ್ಪಿದರೆ ಹಡಗಿನಲ್ಲಿ ಹೋಗಬೇಕಾದ ಮಾಲು ವಿಮಾನ ಹತ್ತುತ್ತದೆ. ಆ ಬಾಡಿಗೆ ಸಾಗಣೆ ಖಾತೆಗೆ ಬೀಳುತ್ತದೆ, ಓಟಿ ವೇತನ ಖಾತೆಗೆ, ವಾಪಸು ಬಂದ ಪೀಸು ಗುಣಮಟ್ಟದ ಖಾತೆಗೆ. ಅನಾರೋಗ್ಯ ಎಂಬ ತಲೆಬರಹದಡಿ ಮಾತ್ರ ಒಂದು ಪೈಸೆಯೂ ಬೀಳುವುದಿಲ್ಲ.

ನಷ್ಟ ಹೀಗೆ ಚದುರಿಹೋಗುವುದರಿಂದಲೇ ಕ್ಷೇಮದ ಲಾಭವೂ ಚದುರಿ ಬರುತ್ತದೆ, ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಅದನ್ನು ಹೆಕ್ಕಿ ತೆಗೆದ ಕೆಲವು ಅಧ್ಯಯನಗಳು ನಮ್ಮ ದೇಶದಲ್ಲೇ ನಡೆದಿವೆ.

3. ಬೆಂಗಳೂರಿನ ದೀಪ, ಅಸ್ಸಾಮಿನ ಕನ್ನಡಕ, ಚೆನ್ನೈನ ನಿದ್ದೆ

ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನ್ಯಾಷಾಧಮ್ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರು ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳ ದಿನದಿನದ ಉತ್ಪಾದನೆಯನ್ನು ಹವಾಮಾನದ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರು. ಸೆಕೆ ಹೆಚ್ಚಿದ ದಿನ ಲೈನಿನ ಉತ್ಪಾದನೆ ಕುಸಿಯುತ್ತಿತ್ತು. ಹೊಲಿಗೆ ಯಂತ್ರಗಳ ಹತ್ತಿರ ಉರಿಯುತ್ತಿದ್ದ ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದ ಮೇಲೆ ಸೆಕೆಯ ದಿನಗಳ ಆ ಕುಸಿತ ತಗ್ಗಿತು. ಎಲ್‌ಇಡಿ ಕಡಿಮೆ ಶಾಖ ಸೂಸುತ್ತದೆ ಎಂಬುದಷ್ಟೇ ಅದಕ್ಕೆ ಕಾರಣ.

ಇನ್ನು ದುಡ್ಡಿನ ಮಾತು. ಸರಾಸರಿ ಒಂದು ಕಾರ್ಖಾನೆಗೆ ವಿದ್ಯುತ್ ಬಿಲ್ಲಿನಲ್ಲಿ ಸುಮಾರು 2,880 ಡಾಲರ್ ಉಳಿಯಿತು. ಉತ್ಪಾದಕತೆಯಿಂದ ಬಂದ ಲಾಭ ಸುಮಾರು 7,500 ಡಾಲರ್. ಎರಡನ್ನೂ ಸೇರಿಸಿದರೆ ಹಾಕಿದ ಬಂಡವಾಳ ಹಿಂದಿರುಗಲು ಬೇಕಾದ ಅವಧಿ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ವಿದ್ಯುತ್ ಉಳಿತಾಯವೊಂದನ್ನೇ ಎಣಿಸಿ, ಇದು ತಡವಾಗಿ ಗಿಟ್ಟುವ ಹೂಡಿಕೆ ಎಂದು ಕೈಬಿಟ್ಟ ಮಾಲೀಕ ದೊಡ್ಡ ಪಾಲನ್ನೇ ಎಣಿಸದೆ ಬಿಟ್ಟಂತೆ. ಇದನ್ನು ಯಾರೂ ಕ್ಷೇಮ ಕಾರ್ಯಕ್ರಮ ಎಂದು ಕರೆದಿರಲಿಲ್ಲ. ಉದ್ಘಾಟನೆಯೂ ಇರಲಿಲ್ಲ, ಫ್ಲೆಕ್ಸೂ ಇರಲಿಲ್ಲ.

ಇದು ಬೆಂಗಳೂರಿಗಷ್ಟೇ ಸೇರಿದ ಸಂಗತಿಯಲ್ಲ. ದೇಶದ ಕಾರ್ಖಾನೆಗಳ ಅಂಕಿಗಳನ್ನು ಆಧರಿಸಿ ಇ. ಸೋಮನಾಥನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಕಾರ್ಖಾನೆಯ ವಾರ್ಷಿಕ ಉತ್ಪಾದನೆ ಸುಮಾರು ಶೇ. 2ರಷ್ಟು ಇಳಿಯುತ್ತದೆ. ಬಿಸಿಲಿನ ದಿನಗಳಲ್ಲಿ ಗೈರುಹಾಜರಿಯೂ ಹೆಚ್ಚುತ್ತದೆ. ರಾಯಚೂರು, ಬಳ್ಳಾರಿ, ಕಲಬುರಗಿಯ ಉದ್ಯಮಿಗಳು ಈ ಅಂಕಿಯನ್ನು ತಮ್ಮ ತಗಡಿನ ಶೀಟಿನ ಶೆಡ್ಡುಗಳ ಕೆಳಗೆ ನಿಂತು ಓದಬೇಕು.

ಎರಡನೆಯ ಅಧ್ಯಯನ ಅಸ್ಸಾಮಿನ ಚಹಾ ತೋಟಗಳದ್ದು. ವಯಸ್ಸು ನಲವತ್ತು ದಾಟಿದ ಮೇಲೆ ನಮ್ಮಲ್ಲಿ ಬಹುತೇಕರಿಗೆ ಚಾಳೀಸು ಬರುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಓದುವ ಕೆಲಸದವರು ಕನ್ನಡಕ ಹಾಕಿಕೊಳ್ಳುತ್ತಾರೆ. ಕೈಕೆಲಸದವರ ಕಣ್ಣನ್ನು ಕೇಳುವವರಿಲ್ಲ. 751 ಚಹಾ ಕೀಳುವವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕನ್ನಡಕ ಉಚಿತವಾಗಿ ಕೊಟ್ಟರು. ಕೊಟ್ಟ ಗುಂಪಿನ ದಿನದ ಕೊಯ್ಲು 25 ಕಿಲೋದಿಂದ 34.8 ಕಿಲೋಗೆ ಏರಿತು. ಕೊಡದ ಗುಂಪಿನದು 26ರಿಂದ 30.6ಕ್ಕೆ. ಕೊಡದವರ ಕೊಯ್ಲೂ ಏರಿದ್ದನ್ನು ಗಮನಿಸಿ. ಹೋಲಿಕೆಯ ಗುಂಪು ಇಲ್ಲದಿದ್ದರೆ ಇಡೀ 9.8 ಕಿಲೋ ಏರಿಕೆಯನ್ನು ಕನ್ನಡಕದ ಲೆಕ್ಕಕ್ಕೇ ಬರೆದುಬಿಡುತ್ತಿದ್ದರು. ಆ ಪಾಲನ್ನು ಕಳೆದ ಮೇಲೂ ನಿವ್ವಳ ಏರಿಕೆ ಶೇ. 21.7. ಐವತ್ತು ದಾಟಿದವರಲ್ಲಿ ಅದು ಶೇ. 31.6. ಕನ್ನಡಕವನ್ನು ತಲುಪಿಸುವ ಖರ್ಚೂ ಸೇರಿ ಒಬ್ಬರಿಗೆ ತಗುಲಿದ್ದು ಸುಮಾರು ಹತ್ತು ಡಾಲರ್. 2018ರಲ್ಲಿ ಪ್ರಕಟವಾದ ಈ ಅಧ್ಯಯನ ಓದುವಾಗ ನನಗೆ ನೆನಪಾದದ್ದು ಶಿಡ್ಲಘಟ್ಟ, ರಾಮನಗರಗಳ ರೇಷ್ಮೆ ನೂಲು ಬಿಚ್ಚುವವರು. ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕುವವರ ಕಣ್ಣು ಪರೀಕ್ಷೆ ಮಾಡಿಸಲು ಯಾವ ದೊಡ್ಡ ಯೋಜನೆಯೂ ಬೇಕಿಲ್ಲ.

ಮೂರನೆಯದು ನಿದ್ದೆ. ಚೆನ್ನೈನಲ್ಲಿ 452 ಮಂದಿ ಬಡ ನಗರವಾಸಿಗಳಿಗೆ ಡೇಟಾ ಎಂಟ್ರಿ ಕೆಲಸ ಕೊಟ್ಟು ನಡೆಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಕೆಲವರಿಗೆ ರಾತ್ರಿ ಹೆಚ್ಚು ಹೊತ್ತು ಮಲಗಲು ಸಲಹೆ, ಸಲಕರಣೆ, ಪ್ರೋತ್ಸಾಹಧನ ಕೊಟ್ಟರು. ರಾತ್ರಿ ನಿದ್ದೆ 27 ನಿಮಿಷ ಹೆಚ್ಚಿತು. ಉತ್ಪಾದಕತೆ ಮಾತ್ರ ಅಲುಗಲಿಲ್ಲ. ಶಬ್ದ, ಸೊಳ್ಳೆ, ಸೆಕೆಗಳ ನಡುವೆ ಮತ್ತೆ ಮತ್ತೆ ಎಚ್ಚರಾಗುವ ಮನೆಯ ನಿದ್ದೆ ಅದು. ಕೆಲಸದ ಜಾಗದಲ್ಲೇ ಮಧ್ಯಾಹ್ನ ಸ್ವಲ್ಪ ಹೊತ್ತು ನೆಮ್ಮದಿಯಾಗಿ ಮಲಗಲು ಬಿಟ್ಟವರಲ್ಲಿ ಉತ್ಪಾದಕತೆ, ಏಕಾಗ್ರತೆ, ಮನಸ್ಸಿನ ಹದ ಎಲ್ಲವೂ ಸುಧಾರಿಸಿದವು. ಇಲ್ಲೊಂದು ಎಚ್ಚರಿಕೆಯೂ ಇದೆ. ಮಲಗಿದಷ್ಟು ಹೊತ್ತು ಕೆಲಸದ ಅವಧಿ ಕಡಿಮೆಯಾಯಿತು. ಸುಮ್ಮನೆ ಕೊಡುವ ವಿರಾಮಕ್ಕೆ ಹೋಲಿಸಿದರೆ ನಿದ್ದೆ ಗೆಲ್ಲುತ್ತದೆ, ವಿರಾಮವೇ ಇಲ್ಲದ ದುಡಿಮೆಗೆ ಹೋಲಿಸಿದರೆ ಒಟ್ಟು ಗಳಿಕೆಯಲ್ಲಿ ಸೋಲಬಹುದು. ಊಟದ ನಂತರ ಹೇಗೂ ವಿರಾಮ ಕೊಡುವ ಸಂಸ್ಥೆ, ಆ ಹೊತ್ತಿನಲ್ಲಿ ಕಾಲು ಚಾಚಲು ಒಂದು ಕೋಣೆ ಕೊಟ್ಟರೆ ಖರ್ಚಿಲ್ಲದ ಲಾಭ. ವಿರಾಮವನ್ನೇ ಹೊಸದಾಗಿ ಸೇರಿಸುವವರು ಕಳೆದ ಸಮಯವನ್ನೂ ಖರ್ಚಿನ ಬದಿಗೆ ಬರೆಯಬೇಕು.

ಈ ಮೂರರಲ್ಲೂ ಒಂದು ಸಾಮ್ಯವಿದೆ. ಯಾವುದೂ ಕಾರ್ಮಿಕರಿಂದ ಹೆಚ್ಚಿನ ಮನೋಬಲವನ್ನು ಕೇಳಲಿಲ್ಲ. ದೀಪ ಬದಲಾಯಿತು, ಕನ್ನಡಕ ಬಂತು, ಮಲಗಲು ಜಾಗ ಸಿಕ್ಕಿತು. ರಾತ್ರಿ ಮನೆಗೆ ಹೋಗಿ ನೀನು ಬದಲಾಗು ಎಂದ ಕಡೆ ಮಾತ್ರ ಹಣ ಹಿಂದಿರುಗಲಿಲ್ಲ.

4. ಲಾಭ ಯಾರದು?

ಈಗ ಅಹಿತಕರವಾದ ಒಂದು ಮಾತು. ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರಿಗೆ ಸಂವಹನ, ಸಮಯಪಾಲನೆ, ಹಣಕಾಸಿನ ತಿಳಿವಳಿಕೆ, ಆರೋಗ್ಯ ಇವುಗಳ ತರಬೇತಿ ಕೊಡುವ ಪೇಸ್ ಎಂಬ ಕಾರ್ಯಕ್ರಮವನ್ನು ದೀಪಗಳ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರೇ ಪರೀಕ್ಷಿಸಿದರು. ತರಬೇತಿ ಪಡೆದವರ ಉತ್ಪಾದಕತೆ ಗಣನೀಯವಾಗಿ ಏರಿತು. ತರಬೇತಿ ಮುಗಿದ ಎಂಟು ತಿಂಗಳಲ್ಲಿ ಕಂಪನಿಗೆ ಹಾಕಿದ ಹಣದ ಎರಡೂವರೆ ಪಟ್ಟು ನಿವ್ವಳ ಲಾಭ ಬಂತು. ಅದೇ ಮಹಿಳೆಯರ ಕೂಲಿ ಏರಿದ್ದು ಸುಮಾರು ಶೇ. 0.5ರಷ್ಟು!

ಉದ್ಯಮಿಗಳ ಸಭೆಗಳಲ್ಲಿ ಮೊದಲ ಅಂಕಿ ಚಪ್ಪಾಳೆ ಗಿಟ್ಟಿಸುತ್ತದೆ, ಎರಡನೆಯದನ್ನು ಯಾರೂ ಓದುವುದಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು ಎನ್ನುವುದು ನೀತಿಬೋಧೆಯಲ್ಲ, ಅದೂ ಲೆಕ್ಕವೇ. ಕಾರ್ಮಿಕರ ಕೈಗೆ ಹಣ ಸಿಗದಿದ್ದರೆ ಏನಾಗುತ್ತದೆಂದು ನೋಡಿ. ಪಿ.ಎಫ್. ಹಣ ಹಿಂಪಡೆಯುವ ನಿಯಮ ಬಿಗಿಯಾದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಮದುವೆ, ಮಗನ ಫೀಸು, ಬಡ್ಡಿ ಸಾಲ ಇವುಗಳ ಚಿಂತೆಯಲ್ಲಿರುವವರ ನೆಮ್ಮದಿಗೆ ಕೈಗೆ ಸಿಗುವ ಹಣಕ್ಕಿಂತ ದೊಡ್ಡ ಮದ್ದಿಲ್ಲ ಎಂಬುದನ್ನು ಆ ದಿನಗಳು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಹೇಳಿದವು.

ಮಾತಾಡಲು ಅವಕಾಶ ಕೊಡುವುದಕ್ಕೂ ಬೆಲೆಯಿದೆ. ನಿರೀಕ್ಷೆಗಿಂತ ಕಡಿಮೆ ವೇತನ ಏರಿಕೆಯಾಗಿ ಕಾರ್ಮಿಕರು ಬೇಸರಗೊಂಡಿದ್ದ ಹೊತ್ತಿನಲ್ಲಿ, ಭಾರತದ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಚೀಟಿ ಎತ್ತಿ ಆರಿಸಿದ ಕೆಲವರಿಂದ, ಹೆಸರು ಬರೆಸಿಕೊಳ್ಳದೆ, ಕೆಲಸದ ಸ್ಥಿತಿ ಮತ್ತು ಸೂಪರ್‌ವೈಸರ್ ಬಗ್ಗೆ ಅಭಿಪ್ರಾಯ ಕೇಳಿದರು. ಕೇಳಿಸಿಕೊಂಡವರಲ್ಲಿ ಕೆಲಸ ಬಿಡುವುದೂ ಗೈರುಹಾಜರಿಯೂ ಕಡಿಮೆಯಾದವು. ಹೆಚ್ಚು ನಿರಾಶರಾಗಿದ್ದವರಲ್ಲೇ ಈ ಪರಿಣಾಮ ಹೆಚ್ಚಿತ್ತು. ಒಂದು ಪ್ರಶ್ನಾವಳಿಯ ಖರ್ಚಿನಲ್ಲಿ ಹೊಸಬರನ್ನು ಹುಡುಕಿ ಕಲಿಸುವ ಖರ್ಚು ಉಳಿಯಿತು. ಸಂಬಳದ ಬದಲಿಗೆ ಪ್ರಶ್ನಾವಳಿ ಹಂಚಿದರೆ ಸಾಕು ಎಂದು ಯಾರೂ ಇದನ್ನು ಓದಿಕೊಳ್ಳಬಾರದು. ಕೇಳಿದ ಮೇಲೆ ಏನೂ ಮಾಡದಿದ್ದರೆ ಮುಂದಿನ ಸಲ ಆ ಕಾಗದ ಖಾಲಿಯೇ ವಾಪಸು ಬರುತ್ತದೆ.

ಲಾಭದ ಲೆಕ್ಕಕ್ಕೆ ಒಂದು ಗಡಿಯೂ ಇದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಉಸಿರಾಡಿದವರಿಗೆ ಸಿಲಿಕೋಸಿಸ್ ಬಂತು. ಅಂಥ ಕಾಯಿಲೆ ವರ್ಷಗಟ್ಟಲೆ ತಡೆದು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕಾರ್ಮಿಕ ನಿವೃತ್ತನಾಗಿರುತ್ತಾನೆ, ನಷ್ಟ ಅವನ ಮನೆಯ ಖಾತೆಯಲ್ಲಿ ಬೀಳುತ್ತದೆ. ಅಲ್ಲಿ ಧೂಳು ತಗ್ಗಿಸುವುದರಿಂದ ಕಂಪನಿಗೆ ಎಷ್ಟು ಲಾಭ ಎಂದು ಕೇಳುತ್ತ ಕೂತರೆ ಉತ್ತರ ಬಹಳ ಸಣ್ಣದಾಗಿರುತ್ತದೆ. ಇಂಥ ಕಡೆ ಬೇಕಾದದ್ದು ಕಾನೂನು. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನು, 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಡೆ ಮಕ್ಕಳ ಪಾಲನೆಗೆ ಕೊಠಡಿ ಎಂದಾಗ, ಇದರಿಂದ ಎಷ್ಟು ಹುಟ್ಟುತ್ತದೆ ಎಂದು ಕೇಳಲಿಲ್ಲ. ಕುಡಿಯುವ ನೀರು, ಶೌಚಾಲಯ, ಶುದ್ಧ ಗಾಳಿ ಇವು ಲಾಭ ಸಾಬೀತಾದ ಮೇಲೆ ಕೊಡುವ ಉಡುಗೊರೆಗಳಲ್ಲ. ಕಾನೂನು ಹಾಕಿದ ನೆಲಗಟ್ಟಿನ ಮೇಲೆ ಇನ್ನೇನು ಕಟ್ಟಬಹುದು ಎಂಬಲ್ಲಿಂದ ಮಾತ್ರ ಉದ್ಯಮದ ಲೆಕ್ಕ ಶುರುವಾಗಬೇಕು. ಕಾನೂನಿಗಿಂತ ಮುಂದೆ ಹೋದವರೂ ನಮ್ಮಲ್ಲಿದ್ದಾರೆ. ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಎಂಟು ಗಂಟೆಯ ದುಡಿಮೆಯನ್ನು 1912ರಲ್ಲೇ, ಉಚಿತ ವೈದ್ಯಕೀಯ ನೆರವನ್ನು 1915ರಲ್ಲೇ ಜಾರಿಗೆ ತಂದಿತ್ತು.

5. ಸಣ್ಣ ಕಾರ್ಖಾನೆಗೊಂದು ಲೆಕ್ಕದ ಪುಸ್ತಕ

ಪೀಣ್ಯದಲ್ಲಿ ನಲವತ್ತು ಜನರನ್ನು ಇಟ್ಟುಕೊಂಡು ಯಂತ್ರದ ಬಿಡಿಭಾಗ ಮಾಡುವವರು ನನ್ನನ್ನು ಕೇಳಬಹುದು: ನಮಗೆ ಅರ್ಥಶಾಸ್ತ್ರಜ್ಞರೂ ಇಲ್ಲ, ಮಾನವ ಸಂಪನ್ಮೂಲ ವಿಭಾಗವೂ ಇಲ್ಲ, ಏನು ಮಾಡೋಣ? ಅವರಿಗೆ ನನ್ನ ಸಲಹೆ ಇಷ್ಟು.

ಮೊದಲು ಈಗಿನ ನಷ್ಟವನ್ನು ಬರೆದಿಡಿ. ಹಾಜರಿ ಪುಸ್ತಕ, ಕೆಲಸ ಬಿಟ್ಟವರ ಪಟ್ಟಿ, ರಿಜೆಕ್ಟ್ ಆದ ಪೀಸುಗಳ ಸಂಖ್ಯೆ, ಓಟಿಯ ಮೊತ್ತ ಈ ನಾಲ್ಕೂ ನಿಮ್ಮಲ್ಲಿ ಈಗಾಗಲೇ ಇವೆ. ಅವನ್ನು ಒಂದೇ ಹಾಳೆಗೆ ತನ್ನಿ. ಉದಾಹರಣೆಗೆ, ನಲವತ್ತು ಜನರಲ್ಲಿ ದಿನಕ್ಕೆ ಸರಾಸರಿ ನಾಲ್ವರು ಬರುತ್ತಿಲ್ಲ ಎಂದುಕೊಳ್ಳಿ. ಅವರ ಜಾಗ ತುಂಬಲು ಕೊಟ್ಟ ಓಟಿ, ನಿಂತ ಯಂತ್ರದ ಗಂಟೆಗಳು, ಹೊಸಬರ ಕೈಯಲ್ಲಿ ಕೆಟ್ಟ ಮಾಲು ಇವನ್ನು ಕೂಡಿದರೆ, ನಿಮ್ಮ ಕಾರ್ಖಾನೆಯಲ್ಲಿ ಒಂದು ಗೈರುಹಾಜರಿಯ ಬೆಲೆ ಎಷ್ಟೆಂದು ನಿಮಗೇ ತಿಳಿಯುತ್ತದೆ. ಬೇರೆಯವರ ಅಂಕಿ ಬೇಡ.

ಎರಡನೆಯದಾಗಿ, ಏನು ಬೇಕೆಂದು ಕೆಲಸದವರನ್ನೇ ಕೇಳಿ. ಮಾಲೀಕರು ಯೋಗ ಶಿಬಿರದ ಕನಸು ಕಾಣುತ್ತಿರುವಾಗ, ಅವರಿಗೆ ಬೇಕಿರುವುದು ಶೌಚಾಲಯದ ಬಾಗಿಲಿಗೊಂದು ಚಿಲಕವೋ, ಬೆನ್ನಿಗೆ ಆಸರೆಯಿರುವ ಕುರ್ಚಿಯೋ ಆಗಿರಬಹುದು. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರೇ ಕುಡಿಯದ ಹೆಣ್ಣುಮಗಳಿಗೆ ನೀರಿನ ಮಹತ್ವದ ಭಿತ್ತಿಪತ್ರ ಅಂಟಿಸಿ ಪ್ರಯೋಜನವೇನು?

ಮೂರನೆಯದಾಗಿ, ಎಲ್ಲ ಕಡೆ ಒಂದೇ ಸಲ ಮಾಡಬೇಡಿ. ಎರಡು ಶೆಡ್ಡು ಅಥವಾ ಎರಡು ಲೈನುಗಳಿದ್ದರೆ ಚೀಟಿ ಎತ್ತಿ ಒಂದರಲ್ಲಿ ಮೊದಲು ಮಾಡಿ, ಇನ್ನೊಂದನ್ನು ಮೂರು ತಿಂಗಳು ಹೋಲಿಕೆಗೆ ಇಟ್ಟುಕೊಂಡು ಆಮೇಲೆ ಅಲ್ಲಿಯೂ ಮಾಡಿ. ಅಸ್ಸಾಮಿನ ಕನ್ನಡಕದ ಪ್ರಯೋಗ ಕಲಿಸಿದ ಪಾಠ ಇದೇ. ಇದಕ್ಕೆ ಕಂಪ್ಯೂಟರೂ ಬೇಡ. ಕಾನೂನು ಈಗಾಗಲೇ ಕಡ್ಡಾಯ ಮಾಡಿರುವುದನ್ನು ಮಾತ್ರ ಹೀಗೆ ಕಾಯಿಸಬೇಡಿ, ಅದನ್ನು ಎಲ್ಲ ಕಡೆ ಇವತ್ತೇ ಮಾಡಿ.

ನಾಲ್ಕನೆಯದಾಗಿ, ದೀರ್ಘಕಾಲದ ಕಾಯಿಲೆ ಇರುವವರ ಔಷಧಿ ತಪ್ಪದಂತೆ ನೋಡಿಕೊಳ್ಳಿ. ಇ.ಎಸ್.ಐ. ಔಷಧಾಲಯಕ್ಕೆ ಹೋಗಿಬರಲು ಅರ್ಧ ದಿನದ ಸಂಬಳಸಹಿತ ರಜೆ ಕೊಡಿ. ನೀವು ವಂತಿಗೆ ಕಟ್ಟಿ ಗಳಿಸಿದ ಸೌಲಭ್ಯವನ್ನು ಕೂಲಿ ಕಟ್ಟಾಗುವ ಭಯದಲ್ಲಿ ಅವರು ಬಿಟ್ಟುಕೊಡಬೇಕಾಗಿಲ್ಲ. ಯಾರ ಕಾಯಿಲೆ ಏನೆಂಬ ವಿವರ ಮಾತ್ರ ಸೂಪರ್‌ವೈಸರನ ಕೈಗೆ ಹೋಗಬಾರದು. ಹೋದರೆ ಮರುದಿನದಿಂದ ತಪಾಸಣೆಗೆ ಯಾರೂ ಬರುವುದಿಲ್ಲ.

ಕೊನೆಯದಾಗಿ, ವರ್ಷದ ಕೊನೆಗೆ ಉಳಿದ ಹಣ ಎಷ್ಟೆಂದು ಬರೆದು, ಅದರಲ್ಲಿ ಒಂದು ಪಾಲನ್ನು ಅದನ್ನು ಉಳಿಸಿಕೊಟ್ಟವರಿಗೆ ಕೊಡಿ. ದೊಡ್ಡ ಕಂಪನಿಗಳಿಗೆ ನನ್ನ ಸಲಹೆ ಇನ್ನೂ ನೇರವಾದದ್ದು. ಎಷ್ಟು ಶಿಬಿರ ನಡೆಸಿದಿರಿ, ಎಷ್ಟು ಜನ ಬಂದಿದ್ದರು ಎಂದು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವುದನ್ನು ನಿಲ್ಲಿಸಿ. ಗೈರುಹಾಜರಿ, ಕೆಲಸ ಬಿಟ್ಟವರ ಪ್ರಮಾಣ, ಗಾಯಗಳ ಸಂಖ್ಯೆ, ಸರಾಸರಿ ಕೂಲಿಯ ಏರಿಕೆ ಈ ನಾಲ್ಕು ಸಾಲುಗಳನ್ನು ಅಚ್ಚು ಹಾಕಿಸಿ. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಆ ವರದಿಗಳನ್ನು ಬರೆಯುವ, ತಪಾಸಣೆ ಮಾಡುವ ಜಾಗಗಳಿಗೆ ಹೋಗುತ್ತೀರಿ. ಆ ನಾಲ್ಕನೇ ಸಾಲು ಖಾಲಿ ಇದ್ದರೆ ಅದೇಕೆ ಖಾಲಿ ಎಂದು ಕೇಳಿ. ಮೊದಲ ಮೂರು ಸಾಲುಗಳಲ್ಲಿ ಬಂದ ಲಾಭ ಎಷ್ಟು ವರ್ಷ ಉಳಿಯುತ್ತದೆ ಎಂಬುದು ಆ ಉತ್ತರವನ್ನೇ ಅವಲಂಬಿಸಿದೆ.